ಆಡಿ ಟಿಟಿ ಕಾರಿಗೆ ದೊಡ್ಡ ಟರ್ಬೊ ಹಾಕಿಸುವ ಮುಂಚೆ ಇನ್ನೇನು ಬದಲಿಸಬೇಕು?

ಕೋಥ್ರೂಡ್ ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಒಂಬತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ಹೋದ ವರ್ಷ 2016ರ ಆಡಿ ಟಿಟಿ ಸೆಕೆಂಡ್‌ಹ್ಯಾಂಡ್ ತಗೊಂಡೆ. ಎರಡು ಲೀಟರ್ ಟಿಎಫ್‌ಎಸ್‌ಐ (ಟರ್ಬೊ ಪೆಟ್ರೋಲ್), ಕ್ವಾಟ್ರೊ (ನಾಲ್ಕೂ ಚಕ್ರಕ್ಕೆ ಶಕ್ತಿ), ಕಂಪನಿ ಲೆಕ್ಕದಲ್ಲಿ 230 ಎಚ್‌ಪಿ, 370 ನ್ಯೂಟನ್ ಮೀಟರ್. ಓಡಿದ್ದು 68,000 ಕಿ.ಮೀ. ಹಿಂದಿನ ಮಾಲೀಕರೇ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಟ್ಯೂನ್) ಮಾಡಿಸಿದ್ದರು. ಮೊದಮೊದಲು ದಿನಾ ಹಬ್ಬ. ಆರು ತಿಂಗಳಲ್ಲಿ ಅದೂ ರೂಢಿಯಾಯಿತು. ಈ ರೋಗ ನಿಮಗೂ ಗೊತ್ತಲ್ಲ.

ಈಗ ಐಎಸ್38 ಅನ್ನುವ ದೊಡ್ಡ ಟರ್ಬೊ (ಎಂಜಿನ್‌ಗೆ ಗಾಳಿ ಹಿಂಡಿ ತುಂಬುವ ಯಂತ್ರ) ಹಾಕಿಸುವ ಮನಸ್ಸಾಗಿದೆ. ಆ ಕಾಲದ ಆಡಿ ಟಿಟಿಎಸ್, ಎಸ್3 ಕಾರುಗಳಿಗೆ ಕಂಪನಿಯೇ ಹಾಕುತ್ತಿದ್ದ ಟರ್ಬೊ ಅದು. ನನ್ನ ಐಎಸ್20 ಬಿಚ್ಚಿದ ಜಾಗದಲ್ಲೇ ಕೂರುತ್ತದಂತೆ. ಗುರಿ 350 ಎಚ್‌ಪಿ. ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನ ಡ್ರ್ಯಾಗ್ ರೇಸಿನಲ್ಲಿ ಒಮ್ಮೆಯಾದರೂ ಓಡಿಸಬೇಕು ಅಂತ ಆಸೆ. ಆದರೆ ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುವುದೂ ಇದೇ ಕಾರಿನಲ್ಲಿ.

ಬಜೆಟ್ ನಾಲ್ಕು ಲಕ್ಷ. ಗ್ಯಾರೇಜಿನವರು ಕೊಟ್ಟ ಪಟ್ಟಿ ಹೀಗಿದೆ: ಟರ್ಬೊ, ಡೌನ್‌ಪೈಪ್ (ಟರ್ಬೊದಿಂದ ಹೊಗೆ ಒಯ್ಯುವ ಪೈಪ್), ಇನ್‌ಟೇಕ್, ಇಂಟರ್‌ಕೂಲರ್, ಎರಡು ಪೆಟ್ರೋಲ್ ಪಂಪ್, ಪ್ಲಗ್, ಕಾಯಿಲ್, ಗೇರ್‌ಬಾಕ್ಸ್ ಟ್ಯೂನ್, ಬ್ಲೋ-ಆಫ್ ವಾಲ್ವ್. ಕೂಡಿಸಿದರೆ ಆರು ಲಕ್ಷ ದಾಟುತ್ತದೆ. ಇದರಲ್ಲಿ ಬೇಕೇ ಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು?

ಟಾರ್ಕ್ ಪ್ರಿಯ

ಟರ್ಬೊ, ಡೌನ್‌ಪೈಪ್, ಟ್ಯೂನ್. ಮುಗೀತು. ಉಳಿದದ್ದೆಲ್ಲ ಗ್ಯಾರೇಜಿನವರ ಹೊಟ್ಟೆಪಾಡು.

ಚಾಕಣ್ ಕಾಕಾ

ಬ್ಲೋ-ಆಫ್ ವಾಲ್ವ್ ಒಂದನ್ನು ಈಗಲೇ ಹೊಡೆದು ಹಾಕು ತಮ್ಮಾ. ಅದು ಬರೀ ಸದ್ದಿಗೆ. ಉಳಿದದ್ದು ಕೂತು ಮಾತಾಡುವ ವಿಷಯ. ನಾನು ಎಂಜಿನ್ ಟೆಸ್ಟ್ ಸೆಲ್‌ನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಸ್ವಲ್ಪ ಉದ್ದ ಆಗುತ್ತದೆ, ಚಹಾ ಮಾಡಿಕೊಂಡು ಓದು.

ಮೊದಲು ಒಂದು ಮಾತು. ಐಎಸ್38 ನಿನ್ನ ಎಂಜಿನ್‌ಗೆ ಕೂರುತ್ತದೆ ಅನ್ನುವುದು ನಿಜ. ಹಾಗಂತ ನಿನ್ನ ಎಂಜಿನ್ ಎಸ್3 ಎಂಜಿನ್ ಆಗುವುದಿಲ್ಲ. ಎರಡೂ ಇಎ888 ಅನ್ನುವ ಎಂಜಿನ್ ಕುಟುಂಬದ ಮೂರನೇ ತಲೆಮಾರಿನವೇ. ಆದರೆ ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವುದು) ನಿನ್ನದರಲ್ಲಿ 9.6, ಅದರಲ್ಲಿ 9.3. ನೋಡಲು ಸಣ್ಣ ಅಂತರ. ಆದರೆ ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಏರಿಸಿದಾಗ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಶುರುವಾಗುವುದು ನಿನ್ನ ಎಂಜಿನ್‌ನಲ್ಲೇ ಮೊದಲು. ಜರ್ಮನಿಯ ಯಾರೋ ಎಸ್3ಯಲ್ಲಿ ತೆಗೆದ ನಂಬರನ್ನು ನೋಡಿ ಇಲ್ಲಿ ಆಸೆ ಪಡಬೇಡ. ಅವರ ಪೆಟ್ರೋಲ್ ಬೇರೆ, ಹವೆ ಬೇರೆ.

ಇನ್ನು ಶಾಖ. ಪುಣೆಯ ಏಪ್ರಿಲ್ ಮಧ್ಯಾಹ್ನ ಎಂಜಿನ್ ಒಳಗೆ ಹೋಗುವ ಗಾಳಿಯೇ 35 ಡಿಗ್ರಿ ಅಂತ ಇಟ್ಟುಕೋ. ಅದನ್ನು 2.6 ಪಟ್ಟು ಒತ್ತಡಕ್ಕೆ ಹಿಂಡಿದರೆ, ಕಂಪ್ರೆಸರ್ ಶೇಕಡಾ 70ರಷ್ಟು ದಕ್ಷವಾಗಿದ್ದರೂ, ಹೊರಗೆ ಬರುವ ಗಾಳಿ ಸುಮಾರು 170 ಡಿಗ್ರಿ ಇರುತ್ತದೆ. ಮಿರ್ಚಿ ಭಜಿ ಕರಿಯುವ ಎಣ್ಣೆಯ ಶಾಖ ಅದು! ಅದನ್ನು ಮತ್ತೆ 50ರ ಹತ್ತಿರ ಇಳಿಸುವುದು ಇಂಟರ್‌ಕೂಲರ್ ಕೆಲಸ. ಸ್ಟಾಕ್, ಅಂದರೆ ಕಂಪನಿ ಕೊಟ್ಟ ಇಂಟರ್‌ಕೂಲರ್ ಒಂದು ಸಲ ಇಳಿಸುತ್ತದೆ, ಎರಡನೇ ಸಲಕ್ಕೆ ಏದುಸಿರು ಬಿಡುತ್ತದೆ, ಮೂರನೇ ಸಲ ಅದೇ ಹೀಟರ್. ಆಗ ಇಸಿಯು (ಎಂಜಿನ್ ಕಂಪ್ಯೂಟರ್) ಟೈಮಿಂಗ್, ಅಂದರೆ ಕಿಡಿ ಹಾರಿಸುವ ಗಳಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ನೀನು ದುಡ್ಡು ಕೊಟ್ಟು ತಂದ ಎಚ್‌ಪಿ ಅಲ್ಲೇ ಕಳೆದುಹೋಗುತ್ತದೆ.

ಅದಕ್ಕೇ ಕೇಳುತ್ತೇನೆ. ಈಗಿನ ಟರ್ಬೊದಲ್ಲೇ ಕಾರಿನ ಲಾಗ್ (ಓಡುವಾಗ ಇಸಿಯು ತೋರಿಸುವ ಅಂಕಿಗಳ ದಾಖಲೆ) ತೆಗೆದಿದ್ದೀಯಾ? ಇನ್‌ಟೇಕ್ ಗಾಳಿಯ ಶಾಖ, ಪ್ರತಿ ಸಿಲಿಂಡರ್‌ನಲ್ಲಿ ಟೈಮಿಂಗ್ ಎಷ್ಟು ಹಿಂದಕ್ಕೆ ಹೋಗುತ್ತಿದೆ, ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಒತ್ತಡ ಕೇಳಿದ್ದೆಷ್ಟು, ಬಂದದ್ದೆಷ್ಟು, ಲ್ಯಾಂಬ್ಡಾ (ಗಾಳಿ–ಪೆಟ್ರೋಲ್ ಪ್ರಮಾಣ), ಬೂಸ್ಟ್. ಈ ಐದು ಇಲ್ಲದೆ ಯಾವ ಪಟ್ಟಿ ಮಾಡಿದರೂ ಅದು ಜಾತಕ ನೋಡಿದ ಹಾಗೆ.

ಕೋಥ್ರೂಡ್ ಹುಬ್ಬಳ್ಳಿ

ಇಲ್ಲ ಕಾಕಾ, ಲಾಗ್ ತೆಗೆದಿಲ್ಲ. ಗ್ಯಾರೇಜಿನವರೂ ಕೇಳಲಿಲ್ಲ.

ಚಾಕಣ್ ಕಾಕಾ

ಕೇಳದೇ ಆರು ಲಕ್ಷದ ಪಟ್ಟಿ ಕೊಟ್ಟರಾ? ಒಳ್ಳೇದಾಯ್ತು.

ಮುಲುಂಡ್ ಮಾರಾಯ

ನಾನು ಮಂಗಳೂರಿನವ, ಈಗ ಮುಂಬೈ. ಆಕ್ಟೇವಿಯಾ ಆರ್‌ಎಸ್ 230ಗೆ ಇದೇ ಟರ್ಬೊ ಹಾಕಿಸಿ ಕೈ ಸುಟ್ಟುಕೊಂಡವ. ಹಾಗಾಗಿ ಗೇರ್‌ಬಾಕ್ಸ್ ವಿಷಯ ನಾನೇ ಹೇಳುತ್ತೇನೆ.

ನಿನ್ನ ಟಿಟಿಯಲ್ಲೂ ನನ್ನ ಹಾಗೆ ಆರು ಗೇರಿನ ವೆಟ್ ಕ್ಲಚ್ ಡಿಎಸ್‌ಜಿ (ಆಯಿಲಿನಲ್ಲಿ ಮುಳುಗಿದ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇರುವುದು, ಹೆಸರು ಡಿಕ್ಯೂ250. ಗಟ್ಟಿ ಪೆಟ್ಟಿಗೆಯೇ. ಆದರೆ ಅದರ ಕಂಪ್ಯೂಟರಿಗೆ ನೀನು ಟರ್ಬೊ ಬದಲಿಸಿದ್ದು ಗೊತ್ತಿಲ್ಲ ಮಾರಾಯ. ಕ್ಲಚ್ ಪ್ಲೇಟುಗಳನ್ನು ಹಳೇ ಟಾರ್ಕ್‌ಗೆ ಎಷ್ಟು ಬೇಕೋ ಅಷ್ಟೇ ಒತ್ತಿ ಹಿಡಿಯುತ್ತದೆ. ನನಗೆ ಗ್ಯಾರೇಜಿನವರು, "ಗೇರ್‌ಬಾಕ್ಸ್ ಟ್ಯೂನ್ ಆಮೇಲೆ ನೋಡೋಣ" ಅಂದರು. ನಾನೂ ಐವತ್ತು ಸಾವಿರ ಉಳಿಯಿತು ಅಂತ ಖುಷಿಪಟ್ಟೆ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಒಂದು ರಾತ್ರಿ ಎಕ್ಸ್‌ಪ್ರೆಸ್‌ವೇಯಲ್ಲಿ ನಾಲ್ಕನೇ ಗೇರಿನಲ್ಲಿ ಒತ್ತಿದೆ. ಆರ್‌ಪಿಎಂ ಮುಳ್ಳು ಜಿಗಿದು ಮೇಲೆ ಹೋಯಿತು, ಕಾರು ಮಾತ್ರ ಹಾಗೇ ಇತ್ತು. ಮೊದಲಿಗೆ ಚಕ್ರ ಜಾರಿತು ಅಂದುಕೊಂಡೆ. ಒಣ ರಸ್ತೆಯಲ್ಲಿ, ಆ ವೇಗದಲ್ಲಿ ಚಕ್ರ ಎಲ್ಲಿ ಜಾರುತ್ತದೆ? ಜಾರಿದ್ದು ಕ್ಲಚ್. ಗೇರ್‌ಬಾಕ್ಸ್ ಆಯಿಲ್ ತೆಗೆದಾಗ ಕಾಫಿ ಬಣ್ಣ, ಸುಟ್ಟ ವಾಸನೆ. ಐವತ್ತು ಸಾವಿರ ಉಳಿಸಿದ್ದಕ್ಕೆ ಎರಡೂ ಕ್ಲಚ್ ಪ್ಯಾಕ್ ಬದಲಿಸಬೇಕಾಯಿತು. ಹೆಂಡತಿಗೆ ಇವತ್ತಿಗೂ ಪೂರ್ತಿ ಬಿಲ್ ತೋರಿಸಿಲ್ಲ.

ಎಂಜಿನ್ ಟ್ಯೂನ್ ಮತ್ತು ಗೇರ್‌ಬಾಕ್ಸ್ ಟ್ಯೂನ್ ಒಂದೇ ದಿನ ಮಾಡಿಸು. ಮತ್ತೆ ಡಿಎಸ್‌ಜಿ ಆಯಿಲ್ ಮತ್ತು ಫಿಲ್ಟರ್ 60,000 ಕಿ.ಮೀ.ಗೆ ಬದಲಾಗಬೇಕು. ನಿನ್ನದು 68,000 ಅಂದೆ. ಆಗಿದೆಯಾ?

ಕೋಥ್ರೂಡ್ ಹುಬ್ಬಳ್ಳಿ

ಸರ್ವಿಸ್ ಪುಸ್ತಕ ತೆಗೆದು ನೋಡಿದೆ. ಆಗಿಲ್ಲ. ☹️

ಮುಲುಂಡ್ ಮಾರಾಯ

ಹಾಗಾದರೆ ಟರ್ಬೊ ಸುದ್ದಿ ಆಮೇಲೆ. ಸೋಮವಾರ ಮೊದಲು ಅದನ್ನು ಮಾಡಿಸು.

ಟಾರ್ಕ್ ಪ್ರಿಯ

ಸರಿ, ಗೇರ್‌ಬಾಕ್ಸ್ ಒಪ್ಪಿದೆ. ಪೆಟ್ರೋಲ್ ಪಂಪ್ ಯಾಕೆ ಬೇಕು? ಐಎಸ್38ಗೆ ಸ್ಟಾಕ್ ಪಂಪ್ ಸಾಕು ಅಂತ ಎಲ್ಲ ಕಡೆ ಬರೆದಿದ್ದಾರೆ.

ಚಾಕಣ್ ಕಾಕಾ

ಒಳ್ಳೆಯ ಪ್ರಶ್ನೆ. ಅವರು ಬರೆದದ್ದು ಅವರ ಪೆಟ್ರೋಲ್‌ಗೆ ಸರಿ. ನಾವು ಇಲ್ಲಿ ಲೆಕ್ಕ ಹಾಕೋಣ.

ಟರ್ಬೊ ಎಂಜಿನ್ ಪೂರ್ತಿ ಒತ್ತಿದಾಗ ಒಂದು ಎಚ್‌ಪಿಗೆ ಗಂಟೆಗೆ ಸುಮಾರು ಕಾಲು ಕಿಲೊ ಪೆಟ್ರೋಲ್ ಕುಡಿಯುತ್ತದೆ. 230 ಎಚ್‌ಪಿಗೆ ನಿಮಿಷಕ್ಕೆ ಒಂದೂಕಾಲು ಲೀಟರ್ ಚಿಲ್ಲರೆ. 350ಕ್ಕೆ ಹತ್ತಿರ ಹತ್ತಿರ ಎರಡು ಲೀಟರ್. ಒಂದು ನಿಮಿಷಕ್ಕೆ, ಅರ್ಧ ಲೀಟರಿನ ನಾಲ್ಕು ಹಾಲಿನ ಪ್ಯಾಕೆಟ್! ಇದಿಷ್ಟೂ ಟ್ಯಾಂಕಿನ ಒಳಗಿನ ಪಂಪ್‌ನಿಂದ ಬಂದು, ಕ್ಯಾಮ್‌ಶಾಫ್ಟ್ ಒದೆಯುವ ಹೈ ಪ್ರೆಶರ್ ಪಂಪ್ ಹೊಕ್ಕು, 200 ಬಾರ್ ಒತ್ತಡದಲ್ಲಿ ಇಂಜೆಕ್ಟರ್‌ಗೆ ಹೋಗಬೇಕು.

ಇದರ ಮೇಲೆ ನಮ್ಮ ಬಂಕುಗಳ ಇ20 ಪೆಟ್ರೋಲ್. ಬರೀ ಪೆಟ್ರೋಲ್ ಒಂದು ಕಿಲೊ ಸುಡಲು 14.7 ಕಿಲೊ ಗಾಳಿ ಬೇಕು. ಶೇಕಡಾ 20 ಎಥನಾಲ್ ಬೆರೆತರೆ 13.5ರ ಹತ್ತಿರ ಸಾಕು. ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಶೇಕಡಾ 9ರಷ್ಟು ಜಾಸ್ತಿ ಇಂಧನ ಸುರಿಯಬೇಕು. ಎಥನಾಲ್ ನಾಕಿಂಗ್ ತಡೆಯುತ್ತದೆ, ಆ ಮಟ್ಟಿಗೆ ಅದು ಗೆಳೆಯನೇ. ಆದರೆ ಪಂಪ್‌ಗೆ ಹೊರೆ. ಸ್ಟಾಕ್ ಪಂಪ್ ಅಂಚಿಗೆ ಬರುವುದು ಇಲ್ಲೇ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಪೆಟ್ರೋಲ್ ಹಾಕುತ್ತೇನೆ ಅಂದರೆ ಬೇರೆ ಮಾತು, 100 ಆಕ್ಟೇನ್, ಪುಣೆಯಲ್ಲಿ 2020ರಿಂದ ಸಿಗುತ್ತದೆ. ಆಗಲೇ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ ಇತ್ತು. ಆದರೆ ನೀನು ಹುಬ್ಬಳ್ಳಿಗೆ ಹೋಗುವವನು. ದಾರಿಯಲ್ಲಿ ಕರಾಡ್‌ನಲ್ಲೋ ನಿಪ್ಪಾಣಿಯಲ್ಲೋ ಟ್ಯಾಂಕ್ ಖಾಲಿಯಾದರೆ ಅಲ್ಲಿ ಸಿಕ್ಕಿದ್ದನ್ನೇ ಹಾಕಬೇಕು. ಟ್ಯೂನ್ ಮಾಡುವವರಿಗೆ ಇದನ್ನು ಮೊದಲೇ ಹೇಳು. ಅತಿ ಒಳ್ಳೆಯ ಪೆಟ್ರೋಲ್‌ಗೆ ಮಾಡಿದ ಟ್ಯೂನ್ ಬೇಡ, ದಾರಿಯಲ್ಲಿ ಸಿಗುವ ಪೆಟ್ರೋಲ್‌ಗೆ ಮಾಡಲಿ.

ಪಂಪ್ ಬೇಕೋ ಬೇಡವೋ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಮೇಲಿನ ಆರ್‌ಪಿಎಂನಲ್ಲಿ 200 ಬಾರ್ ಕೇಳಿದಾಗ 200ರ ಹತ್ತಿರ ನಿಂತರೆ ಸದ್ಯಕ್ಕೆ ಬೇಡ. 170ಕ್ಕೆ ಕುಸಿದರೆ ಟರ್ಬೊಗಿಂತ ಮುಂಚೆ ಪಂಪ್. ಇಂಧನ ಸಾಲದೆ ಬೂಸ್ಟ್ ಏರಿಸಿದ ಎಂಜಿನ್ ಬಿಚ್ಚಿ ನೋಡಿದ್ದೇನೆ. ಪಿಸ್ಟನ್ ಅಂಚು ಇಲಿ ಕಡಿದ ರೊಟ್ಟಿಯ ಹಾಗಿತ್ತು.

ಸುಮ್ನೆ ಓದುಗ

ನನ್ನ ಹತ್ತಿರ ಟರ್ಬೊ ಕಾರೂ ಇಲ್ಲ, ಏನೂ ಇಲ್ಲ. ಸುಮ್ನೆ ಕುತೂಹಲ. ಪುಣೆ ಎತ್ತರದಲ್ಲಿದೆಯಲ್ಲ, ಗಾಳಿ ತೆಳು. ಟರ್ಬೊ ಇದ್ದರೆ ಆ ತೊಂದರೆ ಇಲ್ಲ ಅಂತಾರೆ. ನಿಜವಾ?

ಚಾಕಣ್ ಕಾಕಾ

ಎಂಜಿನ್‌ಗೆ ತೊಂದರೆ ಇಲ್ಲ, ಟರ್ಬೊಗೆ ಇದೆ. ನೀವು ಕೇಳಿದ್ದು ಈ ಚರ್ಚೆಯಲ್ಲೇ ನನಗೆ ಇಷ್ಟವಾದ ಪ್ರಶ್ನೆ.

ಇಸಿಯು ಕೇಳುವುದು ಒಟ್ಟು ಒತ್ತಡವನ್ನು. 2.5 ಬಾರ್ ಕೇಳಿತು ಅಂತಿಟ್ಟುಕೊಳ್ಳಿ. ಮುಂಬೈ ಸಮುದ್ರದ ಮಟ್ಟದಲ್ಲಿದೆ, ಅಲ್ಲಿ ಹೊರಗಿನ ಗಾಳಿಯೇ 1.01 ಬಾರ್. ಟರ್ಬೊ 2.47 ಪಟ್ಟು ಹಿಂಡಿದರೆ ಸಾಕು. ಪುಣೆ ಸುಮಾರು 560 ಮೀಟರ್ ಎತ್ತರ, ಗಾಳಿ 0.95 ಬಾರ್. ಇಲ್ಲಿ 2.64 ಪಟ್ಟು. ಮಹಾಬಳೇಶ್ವರ ಸುಮಾರು 1,350 ಮೀಟರ್, 0.86 ಬಾರ್. ಅಲ್ಲಿ 2.9 ಪಟ್ಟು. ಅದೇ ಕಾರು, ಅದೇ ಟ್ಯೂನ್. ಮೇಲೆ ಹೋದ ಹಾಗೆ ಟರ್ಬೊ ಜಾಸ್ತಿ ಜೋರಾಗಿ ತಿರುಗುತ್ತದೆ, ಗಾಳಿ ಜಾಸ್ತಿ ಕಾಯುತ್ತದೆ. ಸಣ್ಣ ಟರ್ಬೊವನ್ನು ಕೊನೆಯ ಉಸಿರಿನವರೆಗೆ ಹಿಂಡಿದ ಟ್ಯೂನ್ ಆಗಿದ್ದರೆ ಘಾಟಿಯ ಮೇಲೆ ಅದರ ಆಯುಷ್ಯ ಕರಗುತ್ತದೆ.

ಈ ಒಂದು ಕಾರಣಕ್ಕೆ ದೊಡ್ಡ ಟರ್ಬೊ ನಮ್ಮ ಕಡೆ ಅರ್ಥವಿರುವ ಮಾತು. 350ಕ್ಕೆ ಅದು ಬೆವರುವುದಿಲ್ಲ. ಹಾಗಾಗಿ ನಾನು ಹುಡುಗನಿಗೆ ಟರ್ಬೊ ಬೇಡ ಅಂತ ಹೇಳುತ್ತಿಲ್ಲ.

ನಿಗಡಿ ಅಕ್ಕ

ನಾನು ವಾಹನ ವಿಮೆಯ ಕ್ಲೇಮ್ ನೋಡುವ ಕೆಲಸದಲ್ಲಿದ್ದೇನೆ. ಎರಡು ಮಾತು ಹೇಳಿ ಹೋಗುತ್ತೇನೆ, ಬೇಜಾರಾಗಬೇಡಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಇಂಟರ್‌ಕೂಲರ್ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಜ. ಆದರೆ ದೊಡ್ಡ ಅಪಘಾತವಾಗಿ ಕಾರು ಬಿಚ್ಚಿದಾಗ ಎಲ್ಲವೂ ಬೀಳುತ್ತದೆ. ಹೇಳದೆ ಮಾಡಿದ ಬದಲಾವಣೆ ಕ್ಲೇಮ್ ನಿಲ್ಲಿಸಲು ಸಾಕಾದ ಕಾರಣ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಇಲ್ಲದ ಡೌನ್‌ಪೈಪ್ ಅಂತೂ ಬೇಡವೇ ಬೇಡ. ಪಿಯುಸಿ ಒಂದು ಕಡೆ ಇರಲಿ, ಪಕ್ಕದ ಮನೆಯ ಮಕ್ಕಳು ಉಸಿರಾಡುವುದು ಅದೇ ಹೊಗೆ.

ಇನ್ನೊಂದು. ಪಟ್ಟಿಯಲ್ಲಿ ಬ್ರೇಕ್ ಎಲ್ಲಿದೆ ತಮ್ಮಾ?

ಕೋಥ್ರೂಡ್ ಹುಬ್ಬಳ್ಳಿ

ಅಕ್ಕ, ಬ್ರೇಕ್ ಇರಲಿಲ್ಲ. ನಾಚಿಕೆಯಾಯಿತು. ಪ್ಯಾಡ್, ಬ್ರೇಕ್ ಆಯಿಲ್ ಎರಡೂ ಸೇರಿಸಿದೆ. ಡೌನ್‌ಪೈಪ್ ತಗೊಂಡರೆ ಕ್ಯಾಟ್ ಇರುವುದನ್ನೇ.

ಮುಲುಂಡ್ ಮಾರಾಯ

ಅಕ್ಕ ಹೇಳಿದ್ದು ಸರಿ. ನಮ್ಮವರು ಟರ್ಬೊ ಹಾಕಿ ಓಡುತ್ತಾರೆ, ಖಂಡಾಲಾ ಇಳಿಯುವಾಗ ಬ್ರೇಕ್ ಮೆತ್ತಗಾದ ಮೇಲೆ ದೇವರ ನೆನಪಾಗುತ್ತದೆ.

ಕೋಥ್ರೂಡ್ ಹುಬ್ಬಳ್ಳಿ (ಮೂರು ವಾರದ ನಂತರ)

ಡಿಎಸ್‌ಜಿ ಆಯಿಲ್ ಬದಲಿಸಿದೆ. ಲಾಗ್ ತೆಗೆದೆ. ಖಂಬಾಟಕಿ ಏರಿನಲ್ಲಿ, ಸಾತಾರಾ ಕಡೆ ಹೋಗುವಾಗ. ಹೊರಗೆ 36 ಡಿಗ್ರಿ.

ಏರು ಶುರುವಾದಾಗ ಇನ್‌ಟೇಕ್ ಶಾಖ 46 ಇತ್ತು, ತುದಿಯಲ್ಲಿ 71. ಟೈಮಿಂಗ್ ಮೂರನೇ ಸಿಲಿಂಡರ್‌ನಲ್ಲಿ 6 ಡಿಗ್ರಿ ಹಿಂದಕ್ಕೆ, ಉಳಿದವುಗಳಲ್ಲಿ 3–4. ರೈಲ್ ಒತ್ತಡ 200 ಕೇಳಿದರೆ 196ರ ಕೆಳಗೆ ಬಂದಿಲ್ಲ. ಲ್ಯಾಂಬ್ಡಾ ಕೇಳಿದಷ್ಟೇ ಇದೆ. ಬೂಸ್ಟ್ 5,000 ಆರ್‌ಪಿಎಂ ದಾಟಿದ ಮೇಲೆ ಇಳಿಯುತ್ತದೆ.

ಚಾಕಣ್ ಕಾಕಾ

ಮೊದಲು ಬೈಗುಳ. ಲಾರಿಗಳು ಏದುತ್ತ ಏರುವ ಘಾಟಿ ಅದು, ಪೂರ್ತಿ ಒತ್ತಿ ಲಾಗ್ ತೆಗೆಯುವ ಜಾಗವಲ್ಲ. ಮುಂದಿನ ಸಲ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ತೆಗೆಸು, ಇಲ್ಲವೇ ನನಗೆ ಲಾಗ್ ಕಳಿಸಬೇಡ.

ಈಗ ಓದೋಣ. ಇಂಧನ ಸದ್ಯಕ್ಕೆ ಚೆನ್ನಾಗಿದೆ. ಹಾಗಾಗಿ ಎರಡೂ ಪಂಪ್ ಪಟ್ಟಿಯಿಂದ ಹೊರಗೆ. ಟರ್ಬೊ ಆದ ಮೇಲೆ ಮತ್ತೆ ಲಾಗ್ ನೋಡಿ ತೀರ್ಮಾನ ಮಾಡು. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಇಳಿಯುವುದು ಐಎಸ್20ರ ಸ್ವಭಾವ, ಸಣ್ಣ ಪುಪ್ಪುಸ. ನಿನ್ನ ಕಾಯಿಲೆ ಇರುವುದು 71ರಲ್ಲಿ. ಸಣ್ಣ ಟರ್ಬೊಗೇ ಇಂಟರ್‌ಕೂಲರ್ ಸೋತಿದೆ, ದೊಡ್ಡದಕ್ಕೆ ಏನು ಮಾಡೀತು?

ಮೂರನೇ ಸಿಲಿಂಡರ್ ಬೇರೆ ಕಥೆ. ಎಲ್ಲದರಲ್ಲೂ ಒಂದೇ ಅಳತೆಯಲ್ಲಿ ಟೈಮಿಂಗ್ ಹೋದರೆ ಶಾಖ ಅಥವಾ ಪೆಟ್ರೋಲ್. ಒಂದರಲ್ಲೇ ಜಾಸ್ತಿ ಅಂದರೆ ಆ ಸಿಲಿಂಡರ್‌ನದೇ ಏನೋ ಇದೆ. ಪ್ಲಗ್ ನಾಲ್ಕೂ ಬದಲಿಸು, ಒಂದು ಹೆಜ್ಜೆ ತಣ್ಣನೆಯದು ಹಾಕು, ಗ್ಯಾಪ್ 0.7 ಮಿ.ಮೀ. ಇರಲಿ. ಬೂಸ್ಟ್ ಜಾಸ್ತಿಯಾದಾಗ ಅಗಲ ಗ್ಯಾಪಿನ ಕಿಡಿ ಆರಿಹೋಗುತ್ತದೆ. ಕಾಯಿಲ್ ಹೊಸದು ತರಬೇಡ. ಮೂರನೆಯದನ್ನು ಒಂದರ ಜಾಗಕ್ಕೆ ಹಾಕಿ ನೋಡು, ತೊಂದರೆ ಅದರ ಜೊತೆ ಹೋದರೆ ಮಾತ್ರ ಹೊಸದು. ಇನ್‌ಟೇಕ್ ವಾಲ್ವ್ ಮೇಲೆ ಇಂಗಾಲ ಕಟ್ಟಿದೆಯಾ ಅಂತಲೂ ಇಣುಕಿಸು.

ಹಾಂ, ಕೂಲಂಟ್ ಮಟ್ಟ ನೋಡಿದೆಯಾ? ಈ ಎಂಜಿನ್‌ನ ವಾಟರ್ ಪಂಪ್, ಥರ್ಮೋಸ್ಟಾಟ್ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿವೆ. ಅದು ಸೋರುವುದಕ್ಕೇ ಹೆಸರುವಾಸಿ.

ಕೋಥ್ರೂಡ್ ಹುಬ್ಬಳ್ಳಿ

ಈಗ ಕೆಳಗೆ ಹೋಗಿ ಟಾರ್ಚ್ ಹಿಡಿದು ನೋಡಿ ಬಂದೆ. ಮಟ್ಟ ಕನಿಷ್ಠ ಗೆರೆಯ ಕೆಳಗಿದೆ. ಗೂಡಿನ ಕೆಳಗೆ ಗುಲಾಬಿ ಕಲೆ ಒಣಗಿದೆ. ಕಾಕಾ, ನೀವು ಎಂಜಿನ್ ಡಾಕ್ಟರೋ, ಜ್ಯೋತಿಷಿಯೋ?

ಟಾರ್ಕ್ ಪ್ರಿಯ

ನಾಲ್ಕು ಲಕ್ಷದಲ್ಲಿ ಒಂದು ಎಚ್‌ಪಿ ಕೂಡ ಬರಲಿಲ್ಲ, ಎಲ್ಲಾ ರಿಪೇರಿಗೇ ಹೋಗುತ್ತಿದೆ 😂

ಚಾಕಣ್ ಕಾಕಾ

ನಗು, ನಗು. ಕೂಲಂಟ್ ಇಲ್ಲದೆ 350 ಎಚ್‌ಪಿ ಓಡಿಸಿದವರ ಬಿಲ್ ನೋಡಿದ್ದೇನೆ. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನ ಒಳಗೇ ಇದೆ, ಅದನ್ನು ತಣಿಸುವುದೂ ಇದೇ ನೀರು.

ಕೋಥ್ರೂಡ್ ಹುಬ್ಬಳ್ಳಿ (ಎರಡು ತಿಂಗಳ ನಂತರ)

ಥರ್ಮೋಸ್ಟಾಟ್ ಗೂಡು ಹೊಸದು. ಪ್ಲಗ್ ಹೊಸವು. ಮೂರನೇ ಕಾಯಿಲ್ ಒಂದರ ಜಾಗಕ್ಕೆ ಹೋದಾಗ ತೊಂದರೆಯೂ ಅಲ್ಲಿಗೇ ಹೋಯಿತು. ಹಾಗಾಗಿ ಒಂದೇ ಕಾಯಿಲ್ ತಂದೆ, ನಾನಾ ಪೇಠದಲ್ಲಿ ಸಿಗಲಿಲ್ಲ, ತರಿಸಬೇಕಾಯಿತು. ದೊಡ್ಡ ಇಂಟರ್‌ಕೂಲರ್ ಕೂತಿದೆ. ಬ್ರೇಕ್ ಪ್ಯಾಡ್, ಆಯಿಲ್ ಆಯಿತು.

ಈ ಸಲ ಡೈನೊ ಮೇಲೆ, ಒಂದರ ಹಿಂದೆ ಒಂದು ನಾಲ್ಕು ಓಟ. ಕೊನೆಯ ಓಟದಲ್ಲಿ ಇನ್‌ಟೇಕ್ ಶಾಖ 52. ಟೈಮಿಂಗ್ ಎಲ್ಲೂ 2 ಡಿಗ್ರಿ ದಾಟಿಲ್ಲ. ಟರ್ಬೊ ಹಳೆಯದೇ, ಟ್ಯೂನ್ ಹಳೆಯದೇ. ಆದರೂ ಕಾರು ಬೇರೆಯದೇ ಆಗಿದೆ. ಊರಿಗೆ ಹೋಗುವಾಗ ಧಾರವಾಡದ ಹತ್ತಿರ ಅಪ್ಪ, "ಏನೋ ಮಾಡಿಸಿದ್ದೀಯಲ್ಲ?" ಅಂದರು. ಸರ್ವಿಸ್ ಮಾಡಿಸಿದೆ ಅಂದೆ. ಸುಳ್ಳಲ್ಲ ಅಲ್ವಾ?

ನಿಗಡಿ ಅಕ್ಕ

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಮುಲುಂಡ್ ಮಾರಾಯ

ಹಾಗಾದರೆ ಟರ್ಬೊ?

ಕೋಥ್ರೂಡ್ ಹುಬ್ಬಳ್ಳಿ

ಹಾಕಿಸುತ್ತೇನೆ. ದಸರಾ ಆದ ಮೇಲೆ. ಇನ್ನೆರಡು ಲಕ್ಷ ಕೂಡಬೇಕು. ಟರ್ಬೊ, ಕ್ಯಾಟ್ ಇರುವ ಡೌನ್‌ಪೈಪ್, ಎಂಜಿನ್ ಮತ್ತು ಗೇರ್‌ಬಾಕ್ಸ್ ಟ್ಯೂನ್ ಒಟ್ಟಿಗೆ.

ಚಾಕಣ್ ಕಾಕಾ

ಟರ್ಬೊ ಹೊಸದೇ ತಗೋ, ನಂಬಿಕೆಯ ಕಡೆಯಿಂದ. ಅಗ್ಗದ ನಕಲಿ ಬಹಳ ಇವೆ, ಮೇಲಿನ ಐಎಚ್‌ಐ (ಈ ಟರ್ಬೊ ಮಾಡುವ ಕಂಪನಿ) ಚೀಟಿ ನೋಡಿ ಮರುಳಾಗಬೇಡ. ಆಯಿಲ್ ಪೈಪ್, ವಾಶರ್, ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿಸು. ಹಳೇ ಆಯಿಲ್ ಪೈಪಿನಲ್ಲಿ ಕರಕಲು ಕಟ್ಟಿದ್ದರೆ ಹೊಸ ಟರ್ಬೊ ತಿಂಗಳೂ ಬಾಳುವುದಿಲ್ಲ. ಸ್ಟಾರ್ಟ್ ಮಾಡುವ ಮುಂಚೆ ಟರ್ಬೊ ಒಳಗೆ ಆಯಿಲ್ ತುಂಬಿಸಿದರಾ ಅಂತ ಪಕ್ಕದಲ್ಲಿ ನಿಂತು ನೋಡು. ಮತ್ತೆ ಟ್ಯೂನ್ ಮಾಡುವವರಿಗೆ ಒಂದು ಮಾತು ಹೇಳು: 3,000 ಆರ್‌ಪಿಎಂ ಕೆಳಗೆ ಟಾರ್ಕ್ ಗುಡ್ಡ ಎಬ್ಬಿಸಬೇಡಿ. ಕನೆಕ್ಟಿಂಗ್ ರಾಡ್ ಬಗ್ಗುವುದು ಅಲ್ಲೇ. 350 ಎಚ್‌ಪಿ ಮೇಲಿನ ಆರ್‌ಪಿಎಂನಲ್ಲಿ ಬರಲಿ, ನಿಧಾನಕ್ಕೆ ಬರಲಿ. ಹಿಂಜವಡಿ ಸಿಗ್ನಲ್‌ನಲ್ಲಿ ಲ್ಯಾಗ್ (ಒತ್ತಿದ ಮೇಲೆ ಟರ್ಬೊ ಏಳುವವರೆಗಿನ ತಡ) ಅನಿಸುತ್ತದೆ. ಅಲ್ಲಿ ನಿನಗೆ ಹೋಗಲು ಜಾಗವಾದರೂ ಎಲ್ಲಿದೆ?

ಟಾರ್ಕ್ ಪ್ರಿಯ

ಹಳೇ ಇಂಟರ್‌ಕೂಲರ್ ಮಾರುತ್ತೀರಾ? ಗೆಳೆಯನೊಬ್ಬ ಕೇಳುತ್ತಿದ್ದಾನೆ.

ಕೋಥ್ರೂಡ್ ಹುಬ್ಬಳ್ಳಿ

ಇಲ್ಲ ಗೆಳೆಯಾ. ಮಂಚದ ಕೆಳಗೆ ಇಟ್ಟಿದ್ದೇನೆ. ಕಾರು ಮಾರುವ ದಿನ ವಾಪಸ್ ಹಾಕಬೇಕಲ್ಲ.